ಹಾಡಿನ ಜೊತೆ ಕರಕರ, ಗುಂಯ್, ಟಕ್ ಅಂತ ಬರ್ತಾ ಇದ್ಯಾ? ಹೊಸ ಇಯರ್‌ಫೋನ್ ತರುವ ಮೊದಲು ಇದನ್ನು ನೋಡಿ

ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯವರಿಗೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೂ ಇದು ಗೊತ್ತಿರುವ ತೊಂದರೆಯೇ. ಮೊಬೈಲಿನಲ್ಲಿ ಒಂದು ಹಾಡೋ ತಾಳಮದ್ದಳೆಯೋ ಹಾಕಿದರೆ ಜೊತೆಗೆ ಬೇಡದ ಸದ್ದೂ ಬರುತ್ತದೆ. ಮಳೆಗಾಲದಲ್ಲಂತೂ ಜಾಸ್ತಿ. ಹೆಚ್ಚಿನವರು ಮಾಡುವುದು ಒಂದೇ, ಪೇಟೆಗೆ ಹೋಗಿ ಹೊಸ ಇಯರ್‌ಫೋನ್ ತರುವುದು. ಅದರಲ್ಲೂ ಅದೇ ಸದ್ದು ಬಂದರೆ "ಫೋನೇ ಹಾಳಾಯ್ತು" ಎಂದು ತೀರ್ಮಾನ. ಸದ್ದು ಎಲ್ಲಿ ಹುಟ್ಟುತ್ತಿದೆ ಎಂದು ಮೊದಲು ಕಂಡುಹಿಡಿದರೆ ಈ ಎರಡೂ ಖರ್ಚು ಎಷ್ಟೋ ಸಲ ತಪ್ಪುತ್ತದೆ. ಅದಕ್ಕೆ ಹತ್ತು ನಿಮಿಷ ಸಾಕು, ಯಾವ ಉಪಕರಣವೂ ಬೇಡ.

ಮೊದಲು ಸದ್ದಿನ ಜಾಗ ಹುಡುಕಿ

ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಆರಿಸಿಕೊಳ್ಳಿ. ಅದು ಫೋನಿಗೆ ಡೌನ್‌ಲೋಡ್ ಮಾಡಿದ್ದೇ ಆಗಿರಲಿ. ನೆಟ್ ಮೇಲೆ ಓಡುವ ಹಾಡು ಬೇಡ, ಯಾಕೆಂದರೆ ಸಿಗ್ನಲ್ ಕಡಿಮೆಯಾದಾಗ ಎಷ್ಟೋ ಆ್ಯಪ್‌ಗಳು ತಾವೇ ಗುಣಮಟ್ಟ ಇಳಿಸಿಬಿಡುತ್ತವೆ, ಆಗ ನಿಮ್ಮ ಪರೀಕ್ಷೆ ಕೆಡುತ್ತದೆ.

ಆ ಹಾಡನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ. ಆಮೇಲೆ ಇಯರ್‌ಫೋನಿನಲ್ಲಿ. ಆಮೇಲೆ ಮನೆಯಲ್ಲಿ ಬೇರೆಯವರ ಫೋನಿಗೆ ಅದೇ ಫೈಲ್ ಕಳಿಸಿ ಅಲ್ಲೂ ಕೇಳಿ. ಎಲ್ಲ ಕಡೆ ಹಾಡಿನ ಅದೇ ಜಾಗದಲ್ಲಿ ಅದೇ ಕರಕರ ಬಂದರೆ ತಪ್ಪು ಫೈಲಿನದ್ದು. ಇಯರ್‌ಫೋನಿನಲ್ಲಿ ಮಾತ್ರ ಬಂದರೆ ವೈರು, ಜ್ಯಾಕು ಇಲ್ಲಾ ಬ್ಲೂಟೂತ್. ಸ್ಪೀಕರಿನಲ್ಲಿ ಮಾತ್ರ ಬಂದರೆ ತೊಂದರೆ ಸ್ಪೀಕರಿನ ಕಡೆಯದ್ದು, ಒಳಗೆ ನೀರೋ ಕಸವೋ ಸೇರಿರಬಹುದು.

ಇನ್ನೆರಡು ಪರೀಕ್ಷೆ ಇದೆ. ಸದ್ದು ಬರುತ್ತಿರುವಾಗಲೇ ಚಾರ್ಜರ್ ಕಿತ್ತು ನೋಡಿ. ನಿಂತಿತೇ? ಹಾಗಾದರೆ ಅದು ಕರೆಂಟಿನ ಸದ್ದು. ನಿಲ್ಲದಿದ್ದರೆ ಫ್ಲೈಟ್ ಮೋಡ್ ಹಾಕಿ. ಆಗ ನಿಂತರೆ ಸಿಗ್ನಲ್ಲಿನ ಸದ್ದು. ಹಾಡನ್ನು ನಡುವೆ ನಿಲ್ಲಿಸಿದಾಗಲೂ ಸದ್ದು ಮುಂದುವರಿಯುತ್ತದೋ ಇಲ್ಲವೋ ಎಂಬುದನ್ನೂ ಗಮನಿಸಿ. ಹಾಡು ನಿಂತರೂ ಗುಂಯ್ ನಿಲ್ಲದಿದ್ದರೆ ಫೈಲಿನ ಮೇಲೆ ಅನುಮಾನ ಪಡುವ ಅಗತ್ಯವೇ ಇಲ್ಲ.

ಫೈಲೇ ಕೆಟ್ಟಿದ್ದರೆ

ನಮ್ಮಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಊರಿಗೆಲ್ಲ ವಾಟ್ಸ್ಆ್ಯಪ್ ಮಾಡುವವರು ತುಂಬ ಜನ. ಅದರಲ್ಲಿ ಭಾಗವತರ ಪದ ಚೆನ್ನಾಗಿಯೇ ಇರುತ್ತದೆ, ಚಂಡೆ ಬಿದ್ದ ಕೂಡಲೇ ಪರಪರ ಹರಿದಂತೆ ಕೇಳುತ್ತದೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಮೈಕು ಅಥವಾ ರೆಕಾರ್ಡರ್ ತಡೆದುಕೊಳ್ಳುವುದಕ್ಕಿಂತ ಜೋರಾದ ಸದ್ದು ಬಂದಾಗ ಅಲೆಯ ತುದಿಯೇ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ್ದನ್ನು ಯಾವ ಇಯರ್‌ಫೋನೂ ವಾಪಸ್ ತರುವುದಿಲ್ಲ. ಮುಂದಿನ ಸಲ ಚಂಡೆಯ ಪಕ್ಕ ಕೂರದೆ, ಮೈಕ್ ಸೆಟ್ಟಿನ ಬಾಕ್ಸ್ ಎದುರೂ ಕೂರದೆ, ಸಭೆಯ ನಡುವೆ ಸ್ವಲ್ಪ ಹಿಂದೆ ಕೂತು ರೆಕಾರ್ಡ್ ಮಾಡಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಲೆವೆಲ್ ಇಳಿಸುವ ಸೌಲಭ್ಯ ಇದ್ದರೆ ಇಳಿಸಿಡಿ. ಸದ್ದು ಕಡಿಮೆ ಬಂದರೆ ಆಮೇಲೆ ಏರಿಸಬಹುದು, ಹರಿದು ಬಂದರೆ ಏನೂ ಮಾಡಲಾಗದು.

ಕಳಿಸುವಾಗಲೂ ಜಾಗ್ರತೆ ಬೇಕು. ವಾಟ್ಸ್ಆ್ಯಪ್‌ನ ವಾಯ್ಸ್ ಮೆಸೇಜ್ ಇರುವುದು ಮಾತಿಗೆ, ಸಂಗೀತಕ್ಕಲ್ಲ. ಒಂದು ಫೋನಿನಲ್ಲಿ ಹಾಡು ಹಾಕಿ ಇನ್ನೊಂದರಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಡಿ. ಒಳ್ಳೆಯ ರೆಕಾರ್ಡಿಂಗ್ ಇದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ. ಅಜ್ಜ ಅಜ್ಜಿಯರ ಹಾಡು, ಹಳೇ ಕಲಾವಿದರ ಪದ ಇಂಥವು ಮತ್ತೆ ಸಿಗುವುದಿಲ್ಲ, ಇವುಗಳನ್ನಾದರೂ ದಯವಿಟ್ಟು ಹೀಗೇ ಉಳಿಸಿ.

ಜ್ಯಾಕ್, ವೈರು ಮತ್ತು ನಮ್ಮ ಉಪ್ಪುಗಾಳಿ

ಕರಾವಳಿಯಲ್ಲಿ ಕರಕರಕ್ಕೆ ನಾನು ಮೊದಲು ಅನುಮಾನಪಡುವುದು ಇದನ್ನೇ. ಸಮುದ್ರದ ಗಾಳಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ. ಲೋಹದ ಮೇಲೆ ಆ ತೇವ ಕೂತರೆ ಕಿಲುಬು ಹಿಡಿಯುತ್ತದೆ. ಇಯರ್‌ಫೋನ್ ಪಿನ್ನಿನ ಮೇಲಿನ ಲೇಪ ತೆಳುವಾಗಿದ್ದರಂತೂ ಬೇಗ. ಪಿನ್ ತಿರುಗಿಸಿದಾಗ ಕರಕರ ಅಂದು ಒಂದು ಕೋನದಲ್ಲಿ ಸರಿಯಾಗುತ್ತಿದ್ದರೆ ಹೊಲಸು ಪಿನ್ನಿನಲ್ಲೋ ಜ್ಯಾಕಿನಲ್ಲೋ ಇದೆ. ಪಿನ್ ಅಲುಗದಂತೆ ಹಿಡಿದು ವೈರನ್ನು ಮಾತ್ರ ಬಗ್ಗಿಸಿದಾಗ ಕರಕರ ಬಂದರೆ ವೈರು ಒಳಗೆ ತುಂಡಾಗಿದೆ. ಅದು ಸಾಮಾನ್ಯವಾಗಿ ಪಿನ್ನಿನ ಬುಡದಲ್ಲೇ ತುಂಡಾಗುತ್ತದೆ.

ಒಂದು ವಿಚಿತ್ರ ಲಕ್ಷಣ ಇದೆ, ಇದನ್ನು ನೋಡಿ ಹೆದರುವವರು ಜಾಸ್ತಿ. ಹಾಡುಗಾರರ ಧ್ವನಿ ಪೂರ್ತಿ ಮಾಯವಾಗಿ, ಹಿಂದಿನ ವಾದ್ಯ ಮಾತ್ರ ದೂರದಿಂದ ಕೇಳಿದಂತೆ ಕೇಳುತ್ತದೆ. ಆ್ಯಪ್ ಕೆಟ್ಟಿತೆಂದು ಡಿಲೀಟ್ ಮಾಡಿ ಮತ್ತೆ ಹಾಕುತ್ತಾರೆ. ತಪ್ಪು ಅಲ್ಲಿಲ್ಲ. ಸ್ಟೀರಿಯೋ ಹಾಡಿನಲ್ಲಿ ಗಾಯಕರ ಧ್ವನಿ ಎಡಕ್ಕೂ ಬಲಕ್ಕೂ ಸಮನಾಗಿ ಇರುತ್ತದೆ. ಎರಡೂ ಕಿವಿಗೆ ಗ್ರೌಂಡ್ ವೈರು, ಅಂದರೆ ಕರೆಂಟು ವಾಪಸ್ ಹೋಗುವ ವೈರು, ಒಂದೇ. ಆ ಗ್ರೌಂಡ್ ಸರಿಯಾಗಿ ತಾಗದಿದ್ದರೆ ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕೇಳುತ್ತದೆ, ಸಮನಾಗಿದ್ದದ್ದು ಒಂದನ್ನೊಂದು ಅಳಿಸಿಬಿಡುತ್ತದೆ. ಹಾಗಾಗಿ ಧ್ವನಿ ಮಾಯ. ಕವರ್ ದಪ್ಪವಾಗಿ ಪಿನ್ ಪೂರ್ತಿ ಒಳಗೆ ಹೋಗದಿದ್ದರೂ ಹೀಗಾಗುತ್ತದೆ, ಮೊದಲು ಕವರ್ ತೆಗೆದು ಒತ್ತಿ ನೋಡಿ. ಮೈಕ್ ಇರುವ ಹಳೇ ಇಯರ್‌ಫೋನ್ ಆಗಿದ್ದರೆ ಇನ್ನೊಂದು ಕಾರಣ ಇದೆ. ಪಿನ್ನಿನಲ್ಲಿ ಮೈಕ್ ಮತ್ತು ಗ್ರೌಂಡ್ ಜಾಗ ಅದಲುಬದಲಾಗಿರುವ ಹಳೇ ಮಾದರಿ ಒಂದಿತ್ತು. ಈಗಿನ ಫೋನಿಗೆ ಅದನ್ನು ಹಾಕಿದಾಗ, ವೈರಿನ ಮೇಲಿನ ಮೈಕ್ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಹಾಡು ಸರಿಯಾಗಿ ಕೇಳುತ್ತದೆ, ಬಿಟ್ಟರೆ ಮತ್ತೆ ಅದೇ ಕಥೆ. ಅಂಥದ್ದು ಆ ಫೋನಿಗೆ ಹೊಂದುವುದಿಲ್ಲ, ಅಷ್ಟೆ.

ಈಗ ಶುಚಿ ಮಾಡುವುದು. ಫೋನ್ ಪೂರ್ತಿ ಆಫ್ ಮಾಡಿ. ಟಾರ್ಚ್ ಹಾಕಿ ಜ್ಯಾಕಿನೊಳಗೆ ನೋಡಿ, ಜೇಬಿನ ನೂಲಿನ ಧೂಳು ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಳುವಾದ ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ, ಒಳಗಿನ ಸ್ಪ್ರಿಂಗ್ ಬಾಗಿದರೆ ಜ್ಯಾಕೇ ಬದಲಿಸಬೇಕು. ಬಾಯಿಂದ ಊದುವುದೂ ಬೇಡ, ಉಸಿರಿನಲ್ಲಿ ತೇವ ಇರುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, ಐಪಿಎ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಅದನ್ನು ಬಟ್ಟೆಗೆ ಸ್ವಲ್ಪ ಹಾಕಿ ಇಯರ್‌ಫೋನ್ ಪಿನ್ ಉಜ್ಜಿ. ಪಿನ್ನಿನ ಮೇಲೆ ತೀರಾ ತೆಳುವಾಗಿ ಒದ್ದೆ ಇರುವಾಗಲೇ ಜ್ಯಾಕಿಗೆ ಹಾಕಿ, ನಾಲ್ಕಾರು ಸಲ ತಿರುಗಿಸಿ ತೆಗೆಯಿರಿ. ಒಳಗಿನ ಕಿಲುಬೂ ಬರುತ್ತದೆ. ಅರ್ಧ ಗಂಟೆ ಒಣಗಲು ಬಿಟ್ಟು ಫೋನ್ ಆನ್ ಮಾಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಅಂಟಾಗಿ ಉಳಿಯುತ್ತದೆ. ಟೈಪ್ ಸಿ ಪೋರ್ಟಿನಿಂದ ಇಯರ್‌ಫೋನ್ ಹಾಕುವವರು ಧೂಳು ತೆಗೆಯುವ ಕೆಲಸ ಮಾತ್ರ ಮಾಡಿ, ಅದೂ ಇನ್ನೂ ಹಗುರ ಕೈಯಲ್ಲಿ. ಪೋರ್ಟಿನ ನಡುವಿನ ನಾಲಿಗೆ ಮುರಿದರೆ ಚಾರ್ಜೂ ಆಗದು.

ಇಯರ್‌ಬಡ್ ಒಂದು ಕಿವಿಗೆ ಸಣ್ಣಗೆ ಕೇಳುತ್ತಿದ್ದರೆ ತುದಿಯ ಜಾಲರಿಯಲ್ಲಿ ಕಿವಿಯ ಗುಗ್ಗೆ ಕೂತಿದೆಯೇ ನೋಡಿ. ಒಣ ಬ್ರಶ್ ಸಾಕು.

ಚಾರ್ಜರ್ ಹಾಕಿದಾಗ ಗುಂಯ್

ನಮ್ಮ ಮನೆಯ ಕರೆಂಟು 230 ವೋಲ್ಟ್, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಫೋನಿನ ಚಾರ್ಜರ್ ಒಳಗೆ, ಮನೆಯ ಕರೆಂಟಿನ ಕಡೆಗೂ ಫೋನಿನ ಕಡೆಗೂ ನಡುವೆ ಕೆಪಾಸಿಟರ್ ಎಂಬ ಒಂದು ಸಣ್ಣ ಭಾಗ ಇರುವುದು ವಾಡಿಕೆ. ಅದರ ಮೂಲಕ ತೀರಾ ಸಣ್ಣ ಪ್ರಮಾಣದ ಕರೆಂಟು ಸೋರುತ್ತದೆ. ಚಾರ್ಜಿಗೆ ಹಾಕಿದ ಫೋನಿನ ಲೋಹದ ಅಂಚು ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದಲ್ಲ, ಅದೇ ಇದು. ಫೋನನ್ನು ಆಕ್ಸ್ ವೈರಿನಿಂದ (ಇಯರ್‌ಫೋನ್ ಜ್ಯಾಕಿಗೆ ಹಾಕುವ ಹಾಡಿನ ವೈರು) ಆಂಪ್ಲಿಫೈಯರಿಗೆ ಜೋಡಿಸಿದಾಗ ಆ ಕರೆಂಟು ಆಕ್ಸ್ ವೈರಿನ ಗ್ರೌಂಡ್ ಹಿಡಿದೇ ಹರಿಯುತ್ತದೆ, ಬಾಕ್ಸಿನಲ್ಲಿ ಗುಂಯ್ ಎಂದು ಕೇಳುತ್ತದೆ.

ಚೌತಿಯ ಮಂಟಪದಲ್ಲಿ, ಶಾಲೆಯ ಗ್ಯಾದರಿಂಗಿನಲ್ಲಿ, ಮದುವೆ ಮನೆಯಲ್ಲಿ ಇದೇ ಆಗುವುದು. ಯಾರದೋ ಫೋನು, ಪಕ್ಕದಲ್ಲೇ ಚಾರ್ಜರ್, ಮೈಕ್ ಸೆಟ್ಟಿಗೆ ಒಂದು ವೈರು. ಇದಕ್ಕೆ ಸುಲಭದ ದಾರಿ ಫೋನನ್ನು ಮೊದಲೇ ಪೂರ್ತಿ ಚಾರ್ಜ್ ಮಾಡಿ, ಕಾರ್ಯಕ್ರಮದಲ್ಲಿ ಬ್ಯಾಟರಿ ಮೇಲೆ ಓಡಿಸುವುದು. ಪವರ್ ಬ್ಯಾಂಕ್ ಹಾಕಿದರೂ ಆಗುತ್ತದೆ, ಪವರ್ ಬ್ಯಾಂಕ್ ಗೋಡೆಗೆ ಜೋಡಿಸಿರಬಾರದು ಅಷ್ಟೆ. ಚಾರ್ಜರ್ ಬೇಕೇ ಬೇಕು ಅಂದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಡಬ್ಬಿ ಸಿಗುತ್ತದೆ, ಆಕ್ಸ್ ವೈರಿನ ನಡುವೆ ಹಾಕಬೇಕು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಸಂಗೀತ ದಾಟುತ್ತದೆ, ವೈರಿನ ನೇರ ಸಂಪರ್ಕ ತಪ್ಪುತ್ತದೆ. ಕಡಿಮೆ ಬೆಲೆಯದರಲ್ಲಿ ಬಾಸ್ ಸ್ವಲ್ಪ ಇಳಿಯಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗುಂಯ್ ನಿಲ್ಲಿಸಲು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ತ್ ಪಿನ್ ತೆಗೆದುಹಾಕುವವರಿದ್ದಾರೆ. ಸದ್ದು ನಿಲ್ಲಬಹುದು. ಆದರೆ ಮಳೆಯಲ್ಲಿ ನೆಲ ಒದ್ದೆ, ಕಾಲು ಬರಿಗಾಲು, ಕೈಯಲ್ಲಿ ಲೋಹದ ಮೈಕ್ ಇರುವ ಕಡೆ ಹಾಗೆ ಮಾಡಿದರೆ ಜೀವವೇ ಹೋದೀತು. ದಯವಿಟ್ಟು ಮಾಡಬೇಡಿ, ಯಾರಾದರೂ ಮಾಡುತ್ತಿದ್ದರೆ ತಡೆಯಿರಿ.

ಮೈಕ್ ಸೆಟ್ಟಿಗೆ ಜೋಡಿಸುವಾಗ ಇನ್ನೆರಡು ವಿಷಯ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲೆ ಇಟ್ಟು ಆಂಪ್ಲಿಫೈಯರಿನ ವಾಲ್ಯೂಮ್ ಕಡಿಮೆ ಇಡಿ. ಫೋನ್ ಸಣ್ಣಗಿಟ್ಟು ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದರೆ ವೈರು ಎಳೆದುಕೊಂಡ ಎಲ್ಲ ಸುಸ್ ಸದ್ದೂ ಜೊತೆಗೇ ದೊಡ್ಡದಾಗುತ್ತದೆ. ಮತ್ತೆ, ಮಿಕ್ಸರಿನ ಬ್ಯಾಲೆನ್ಸ್ಡ್ ಮೈಕ್ ಇನ್‌ಪುಟ್ಟಿಗೆ ಸ್ಟೀರಿಯೋ ವೈರು ನೇರ ಹಾಕಿದರೆ ಆಗಲೇ ಹೇಳಿದ ಧ್ವನಿ ಮಾಯವಾಗುವ ತೊಂದರೆಯೇ ಬರುತ್ತದೆ, ಯಾಕೆಂದರೆ ಆ ಇನ್‌ಪುಟ್ ಒಂದು ಕಡೆಯಿಂದ ಇನ್ನೊಂದನ್ನು ಕಳೆಯುತ್ತದೆ. ಎಡಕ್ಕೆ ಬಲಕ್ಕೆ ಎರಡು ಪಿನ್ ಇರುವ ವೈರು ತಂದು ಲೈನ್ ಇನ್‌ಪುಟ್ಟಿಗೆ ಹಾಕಿ.

ಕಾರಿನಲ್ಲಿ ಆಕ್ಸ್ ಮತ್ತು ಚಾರ್ಜರ್ ಎರಡೂ ಹಾಕಿದಾಗ ಕುಂಯ್ ಎಂಬ ಸಣ್ಣ ಸ್ವರ ಬರುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಗೇರ್ ಇಳಿಸಿ ಎಂಜಿನ್ ಏರಿಸಿದ ಹಾಗೆ ಆ ಸ್ವರವೂ ಏರಿದರೆ ಅದು ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಸದ್ದು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ. ಅದೇ ಐಸೊಲೇಟರ್ ಇಲ್ಲೂ ಆಗುತ್ತದೆ, ಇಲ್ಲಾ ಕಾರಿಗೆ ಬ್ಲೂಟೂತ್‌ನಲ್ಲೇ ಜೋಡಿಸಿ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಮನೆ ನಡೆಯುವಾಗ ಮಾತ್ರ ಸದ್ದು ಬರುತ್ತಿದೆಯೇ? ಫ್ಯಾನೂ ಗುಂಯ್ ಅನ್ನುತ್ತಿದೆಯೇ? ಹಾಗಾದರೆ ನಿಮ್ಮದು ಕರೆಂಟನ್ನು ನಯವಾದ ಅಲೆಯಾಗಿ ಕೊಡದ ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ಬಹಳ ಕಡಿಮೆ. ಆದರೆ ಹಾಡಿಗೋಸ್ಕರ ಇನ್ವರ್ಟರ್ ಬದಲಿಸುವುದು ಬೇಡ, ಅಷ್ಟು ಹೊತ್ತು ಚಾರ್ಜರ್ ತೆಗೆದಿಡಿ.

ಟಿಕ್ ಟಿಕ್ ಟಿಕ್ ಟ್ರ್ರ್

ಕಾಲ್ ಬರುವ ಸ್ವಲ್ಪ ಮೊದಲು ಸ್ಪೀಕರಿನಲ್ಲಿ ಬರುವ ಈ ಸದ್ದು 2ಜಿ ಸಿಗ್ನಲ್ಲಿನದ್ದು. 2ಜಿಯಲ್ಲಿ ಫೋನು ಒಂದೇ ಸಮನೆ ಕಳಿಸದೆ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಕಳಿಸುತ್ತದೆ. ಆ ಲಯವನ್ನು ಪಕ್ಕದ ಆಂಪ್ಲಿಫೈಯರ್ ಹಿಡಿದು ಸದ್ದು ಮಾಡಿಬಿಡುತ್ತದೆ. ಟವರ್ ದೂರ ಇದ್ದಷ್ಟೂ ಫೋನು ಜಾಸ್ತಿ ಶಕ್ತಿ ಹಾಕುತ್ತದೆ, ಹಾಗಾಗಿ ಘಟ್ಟದ ಕಣಿವೆಯ ಊರುಗಳಲ್ಲಿ, ಜೊಯಿಡಾ ಕಡೆ ಕಾಡಿನ ಮನೆಗಳಲ್ಲಿ ಇದು ಇನ್ನೂ ಗಟ್ಟಿ. ಫೋನನ್ನು ಸ್ಪೀಕರ್, ವೈರುಗಳಿಂದ ಒಂದು ಮೀಟರ್ ದೂರ ಇಟ್ಟರೇ ಬಹಳಷ್ಟು ಇಳಿಯುತ್ತದೆ. ಸೆಟ್ಟಿಂಗಿನಲ್ಲಿ 4ಜಿ ಕಾಲಿಂಗ್ ಆನ್ ಇರಲಿ, ಇಲ್ಲದಿದ್ದರೆ ಕಾಲ್ ಬಂದಾಗ ಫೋನು ಹಳೇ ನೆಟ್‌ವರ್ಕಿಗೆ ಇಳಿಯಬಹುದು. ಕೆಲವು ಆಂಡ್ರಾಯ್ಡ್ ಫೋನಿನಲ್ಲಿ 2ಜಿ ಬಂದ್ ಮಾಡುವ ಬಟನ್ನೂ ಇದೆ. ನಿಮ್ಮ ಊರಿನಲ್ಲಿ 2ಜಿ ಮಾತ್ರ ಸಿಗುವುದಾದರೆ ಅದನ್ನು ಮುಟ್ಟಬೇಡಿ, ಕಾಲೇ ಬರದು. ಕಾರ್ಯಕ್ರಮದಲ್ಲಿ ಹಾಡು ಹಾಕುವ ಫೋನಿಗಂತೂ ಫ್ಲೈಟ್ ಮೋಡ್ ಹಾಕಲೇಬೇಕು, ನಡುವೆ ರಿಂಗ್ ಆಗುವುದೂ ತಪ್ಪುತ್ತದೆ.

ಬ್ಲೂಟೂತ್ ತುಂಡು ತುಂಡಾದರೆ

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಮನೆಯ ವೈಫೈ, ಮೈಕ್ರೋವೇವ್ ಒಲೆ ಕೂಡ ಅಲ್ಲೇ. ನೀರು ಈ ಅಲೆಯನ್ನು ಚೆನ್ನಾಗಿ ತಡೆಯುತ್ತದೆ, ನಮ್ಮ ಮೈಯಲ್ಲಿ ಇರುವುದೂ ಹೆಚ್ಚಾಗಿ ನೀರೇ. ಒದ್ದೆ ರೇನ್‌ಕೋಟಿನ ಒಳಗೆ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಫೋನ್ ಇಟ್ಟು ತೋಟಕ್ಕೆ ಹೋದರೆ ಹಾಡು ಕಡಿದು ಕಡಿದು ಬರುವುದು ಇದಕ್ಕೇ. ಮೇಲಿನ ಜೇಬಿಗೆ ಹಾಕಿ. ಮನೆಯಲ್ಲಿ ವೈಫೈ 5 ಗಿಗಾಹರ್ಟ್ಸ್ ಇದ್ದರೆ ಫೋನನ್ನು ಅದಕ್ಕೆ ಜೋಡಿಸಿ. ಎಲ್‌ಡ್ಯಾಕ್ (ಬ್ಲೂಟೂತ್‌ನಲ್ಲಿ ಹೆಚ್ಚು ಗುಣಮಟ್ಟದ ಹಾಡು ಕಳಿಸುವ ವಿಧಾನ) ಇರುವ ಹೆಡ್‌ಫೋನ್ ಆಗಿದ್ದರೆ ಅದನ್ನು 990 ಕೆಬಿಪಿಎಸ್‌ನಿಂದ ಕೆಳಗಿಳಿಸಿ, 660 ಅಥವಾ 330ರಲ್ಲಿ ಕಡಿತ ಕಡಿಮೆ.

ಹಾಡು ಇದ್ದಕ್ಕಿದ್ದಂತೆ ಹಳೇ ಲ್ಯಾಂಡ್‌ಲೈನ್ ಫೋನಿನಂತೆ ಮಂಕಾಯಿತು ಅಂದರೆ ಯಾವುದೋ ಆ್ಯಪ್ ಮೈಕ್ ಹಿಡಿದುಕೊಂಡಿದೆ. ಮೈಕ್ ಆನ್ ಆದಾಗ ಬ್ಲೂಟೂತ್ ಸಂಗೀತದ ದಾರಿ ಬಿಟ್ಟು ಮಾತಿನ ದಾರಿಗೆ ಬರುತ್ತದೆ, ಗುಣಮಟ್ಟ ಬಿದ್ದುಹೋಗುತ್ತದೆ. ಸ್ಕ್ರೀನಿನ ಮೇಲೆ ಆಂಡ್ರಾಯ್ಡ್‌ನಲ್ಲಿ ಹಸಿರು, ಐಫೋನಿನಲ್ಲಿ ಕಿತ್ತಳೆ ಚುಕ್ಕೆ ಕಾಣುತ್ತದೆ. ಯಾವ ಆ್ಯಪ್ ಎಂದು ನೋಡಿ ಮೈಕ್ ಅನುಮತಿ ತೆಗೆಯಿರಿ.

ಸ್ಪೀಕರೇ ಪರಪರ ಅಂದರೆ

ಮೊದಲು ಕವರ್ ತೆಗೆಯಿರಿ, ಸಡಿಲ ಕವರ್ ಕೂಡ ಅದುರುತ್ತದೆ. ಈಕ್ವಲೈಜರ್, ಬಾಸ್ ಬೂಸ್ಟ್, ವಾಲ್ಯೂಮ್ ಬೂಸ್ಟರ್ ಆ್ಯಪ್ ಎಲ್ಲ ಬಂದ್ ಮಾಡಿ. ಇವು ಸದ್ದನ್ನು ಮಿತಿ ಮೀರಿ ಏರಿಸಿ ಹರಿದುಹಾಕುತ್ತವೆ. ವಾಲ್ಯೂಮ್ ಬೂಸ್ಟರ್ ಆ್ಯಪ್ ಯಾರಿಗೂ ಬೇಡ, ಸ್ಪೀಕರೂ ಹಾಳಾಗುತ್ತದೆ.

ಮಳೆ ನೀರು ಹೋಗಿದ್ದರೆ ಸ್ಪೀಕರ್ ಕೆಳಮುಖ ಮಾಡಿ, ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಒಲೆ ಹತ್ತಿರ, ಹೇರ್ ಡ್ರೈಯರ್ ಬಿಸಿ ಬೇಡ. ಅಕ್ಕಿ ಡಬ್ಬಿಯೂ ಬೇಡ, ಅಕ್ಕಿಯ ಪುಡಿ ಒಳಗೆ ಸೇರುತ್ತದೆ, ಆ್ಯಪಲ್ ಕಂಪನಿಯೇ ಅಕ್ಕಿಯಲ್ಲಿ ಇಡಬೇಡಿ ಎಂದು ಹೇಳಿದೆ. ಪೋರ್ಟ್ ಒಣಗುವ ತನಕ ಚಾರ್ಜ್ ಹಾಕಬೇಡಿ.

ಸಮುದ್ರದ ನೀರು ಬಿದ್ದರೆ ಲೆಕ್ಕವೇ ಬೇರೆ. ನೀರು ಆರಿದರೂ ಉಪ್ಪು ಒಳಗೇ ಉಳಿದು ಲೋಹ ತಿನ್ನುತ್ತಾ ಹೋಗುತ್ತದೆ. ನೀರು, ಧೂಳು ತಡೆಯುತ್ತದೆ ಎಂಬ ಐಪಿ68 ಗುರುತು ಬರೆದಿದ್ದರೂ ಆ ಪರೀಕ್ಷೆ ಸಿಹಿನೀರಿನಲ್ಲಿ ಮಾಡಿದ್ದು. ಅಂಥ ಫೋನಾದರೆ ಕೂಡಲೇ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒಣಗಿಸಿ. ನೀರು ತಡೆಯದ ಸಾದಾ ಫೋನಾದರೆ ತೊಳೆಯಬೇಡಿ, ಆಫ್ ಮಾಡಿ ಅದೇ ದಿನ ರಿಪೇರಿ ಅಂಗಡಿಗೆ ಒಯ್ಯಿರಿ.

ಗೋಕರ್ಣ, ಕಾರವಾರದ ಕಡಲತೀರದಲ್ಲಿ ಫೋನನ್ನು ಮರಳಿನ ಮೇಲೆ ಇಡಬೇಡಿ. ಸ್ಪೀಕರಿನಲ್ಲಿ ಅಯಸ್ಕಾಂತ ಇದೆ, ಮರಳಿನ ಕಪ್ಪು ಕಣಗಳಲ್ಲಿ ಕಬ್ಬಿಣದ ಅಂಶ ಇದ್ದರೆ ಜಾಲರಿಗೆ ಬಂದು ಅಂಟುತ್ತವೆ. ಮೃದುವಾದ ಒಣ ಟೂತ್‌ಬ್ರಶ್‌ನಿಂದ ಹೊರಮುಖವಾಗಿ ಗುಡಿಸಿ, ಆಮೇಲೆ ಸೆಲ್ಲೋ ಟೇಪಿನ ಅಂಟು ಬದಿ ಒತ್ತಿ ಒತ್ತಿ ತೆಗೆಯಿರಿ.

ಇಷ್ಟೆಲ್ಲ ಆದಮೇಲೂ ಸದ್ದು ಹೋಗದಿದ್ದರೆ ಅಂಗಡಿಗೆ ಹೋಗುವುದೇ ಸರಿ. ಹೋಗುವ ಮುಂಚೆ ಫೋಟೋ, ರೆಕಾರ್ಡಿಂಗ್ ಎಲ್ಲ ಬ್ಯಾಕಪ್ ಮಾಡಿ. "ಸದ್ದು ಸರಿ ಇಲ್ಲ" ಎಂದಷ್ಟೇ ಹೇಳದೆ, ಇಯರ್‌ಫೋನಿನಲ್ಲಿ ಸರಿ ಇದೆ ಸ್ಪೀಕರಿನಲ್ಲಿ ಮಾತ್ರ ಪರಪರ, ಚಾರ್ಜರ್ ತೆಗೆದರೂ ನಿಲ್ಲುವುದಿಲ್ಲ, ಹೀಗೆ ನೀವು ನೋಡಿದ್ದನ್ನು ಬಿಡಿಸಿ ಹೇಳಿ. ಸ್ಪೀಕರಿಗೆ ಅಂಗಡಿಯವರು ರಿಂಗರ್ ಎನ್ನುತ್ತಾರೆ, ಅದೊಂದನ್ನೇ ಬದಲಿಸಬಹುದು. ಎಷ್ಟೋ ಫೋನುಗಳಲ್ಲಿ ಇಯರ್‌ಫೋನ್ ಜ್ಯಾಕ್ ಕೆಳಗಿನ ಸಣ್ಣ ಚಾರ್ಜಿಂಗ್ ಬೋರ್ಡಿನ ಮೇಲೇ ಇರುತ್ತದೆ, ಮೇನ್ ಬೋರ್ಡ್ ಮುಟ್ಟಬೇಕಿಲ್ಲ. ಮೇನ್ ಬೋರ್ಡೇ ಬದಲಿಸಬೇಕು ಅಂದರೆ ಇನ್ನೊಂದು ಕಡೆ ತೋರಿಸಿ ಆಮೇಲೆ ಒಪ್ಪಿಕೊಳ್ಳಿ. ನೀರು ತಡೆಯುವ ಫೋನನ್ನು ಒಮ್ಮೆ ಬಿಚ್ಚಿದರೆ ಸುತ್ತಲಿನ ಅಂಟು ಹೋಗುತ್ತದೆ, ಹೊಸ ಅಂಟು ಹಾಕುತ್ತೀರಾ ಎಂದು ಕೇಳಿ. ಹಾಕಿದರೂ ಮೊದಲಿನಷ್ಟು ನಂಬಬೇಡಿ, ಮಳೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟುಕೊಳ್ಳಿ.